ಕಾಯಕದ ಹೊಸ್ತಿಲಲ್ಲಿ ಪದವೀಧರ ಮಕ್ಕಳು

ಶರಣರು ಲೋಕಕ್ಕೆ ಕೊಟ್ಟ ತತ್ತ್ವಗಳಲ್ಲಿ ಕಾಯಕತತ್ತ್ವವು ಅಗ್ರಗಣ್ಯವಾದುದು. ದುಡಿಯುವ ಕೈಗೂ ಪೂಜಿಸುವ ಕೈಗೂ ಭೇದವಿಲ್ಲವೆಂದು ಸಾರಿದ ಆ ಮಹನೀಯರ ಬೋಧೆಯನ್ನು ನಾವು ನಿತ್ಯವೂ ಕೇಳುತ್ತೇವೆ, ನಿತ್ಯವೂ ಹೇಳುತ್ತೇವೆ. ಕೈಯಲ್ಲಿ ಕೆಲಸವಿರುವವನಿಗೆ ಈ ತತ್ತ್ವವನ್ನು ಬೋಧಿಸುವುದು ಸುಲಭ. ಆದರೆ ಕೆಲಸವನ್ನು ಅರಸುತ್ತಿರುವವನಿಗೆ, ಅರಸಿಯೂ ದೊರೆಯದೆ ಕಂಗೆಟ್ಟವನಿಗೆ ಇದೇ ತತ್ತ್ವವು ಏನನ್ನು ಹೇಳುತ್ತದೆ? ಅವನನ್ನು ಹೆತ್ತವರಿಗೆ ಏನನ್ನು ಹೇಳುತ್ತದೆ? ಈ ಪಾಠದಲ್ಲಿ ನಾವು ವಿಚಾರಮಾಡಬೇಕಾದ ವಿಷಯವಿದು.

ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪೆಯ ಸುತ್ತಣ ಗ್ರಾಮಗಳು, ಈ ಸೀಮೆಯ ಯಾವ ಓಣಿಯಲ್ಲಿ ನೋಡಿದರೂ ಪದವಿ ಮುಗಿಸಿ ಮನೆಯಲ್ಲಿಯೇ ಉಳಿದಿರುವ ಮಗನೋ ಮಗಳೋ ಕಾಣದೆ ಇರುವುದಿಲ್ಲ. ಕಂಪ್ಲಿಯ ಭತ್ತದ ಗದ್ದೆಯನ್ನೋ ಹೊಸಪೇಟೆಯ ಕಬ್ಬು ಬಾಳೆಗಳನ್ನೋ ನಂಬಿದ ತಂದೆ ಸಾಲಮಾಡಿ ಓದಿಸಿರುತ್ತಾನೆ. ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿಯೂಟ. ಆಮೇಲೆ ಒಂದು ತಿಂಗಳು, ಮೂರು ತಿಂಗಳು, ಒಂದು ವರ್ಷ. ಮೊದಲು ಉತ್ಸಾಹದಿಂದ ಅರ್ಜಿ ಬರೆಯುತ್ತಿದ್ದ ಮಗನು ಬರಬರುತ್ತ ಮಾತು ಕಡಿಮೆ ಮಾಡುತ್ತಾನೆ. ಮದುವೆಗೆ ಬಾರೆಂದರೆ ತಲೆನೋವೆನ್ನುತ್ತಾನೆ. ಜಾತ್ರೆಗೆ ಬಾರೆಂದರೆ ಓದುವುದಿದೆಯೆನ್ನುತ್ತಾನೆ. ರಾತ್ರಿ ಬಹುಹೊತ್ತು ದೀಪ ಉರಿಯುತ್ತದೆ. ಬೆಳಗ್ಗೆ ಬಾಗಿಲು ತೆರೆಯುವುದಿಲ್ಲ. ಅವನಿಗೆ ತಲೆನೋವೂ ಇಲ್ಲ, ಸೋಮಾರಿತನವೂ ಇಲ್ಲ. ‘ಏನಪಾ, ನೌಕರಿ ಎಲ್ಲಿಗೆ ಬಂತು?’ ಎಂಬ ಬಂಧುಗಳ ಒಂದು ಪ್ರಶ್ನೆಗೆ ಅವನು ಅಂಜಿದ್ದಾನೆ. ಮಗಳಾದರೆ ಆ ಪ್ರಶ್ನೆಯ ಬೆನ್ನಿಗೆ ಇನ್ನೊಂದು: ‘ಇನ್ನೆಷ್ಟು ದಿನ ಕಾಯುತ್ತೀರಿ, ಮದುವೆ ಮಾಡಿಬಿಡಿ.’

ಇಂತಹ ಮನೆಯಲ್ಲಿ ತಾಯ್ತಂದೆಗಳ ಕಷ್ಟವೂ ಸಣ್ಣದಲ್ಲ. ಸುಮ್ಮನಿದ್ದರೆ ಮಗು ಹಾದಿ ತಪ್ಪೀತೆಂಬ ಭಯ. ಕೇಳಿದರೆ ಮನಸ್ಸು ಮುರಿದೀತೆಂಬ ಭಯ. ಈ ಎರಡು ಭಯಗಳ ನಡುವೆ ಶರಣಮಾರ್ಗವು ತೋರುವ ಹಾದಿಯನ್ನು ಅರಿವು, ಆಚಾರ, ಅನುಭವ ಎಂಬ ಮೂರು ಮೆಟ್ಟಿಲುಗಳಲ್ಲಿ ನೋಡೋಣ. ಅದಕ್ಕೆ ಮುನ್ನ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ.

ಉದ್ಯೋಗ ಬೇರೆ, ಕಾಯಕ ಬೇರೆ

ಉದ್ಯೋಗವೆಂಬುದು ಇನ್ನೊಬ್ಬರು ಕೊಡಬೇಕಾದುದು. ಅದಕ್ಕೆ ಖಾಲಿ ಜಾಗವಿರಬೇಕು, ಪರೀಕ್ಷೆ ನಡೆಯಬೇಕು, ನೇಮಕದ ಆಜ್ಞೆ ಹೊರಡಬೇಕು. ಅಭ್ಯರ್ಥಿಯು ಎಷ್ಟೇ ಯೋಗ್ಯನಾದರೂ ಇವುಗಳಲ್ಲಿ ಒಂದೂ ಅವನ ಕೈಯಲ್ಲಿಲ್ಲ. ಕಾಯಕವಾದರೋ ಸತ್ಯಶುದ್ಧವಾದ ಮನಸ್ಸಿನಿಂದ, ದಾಸೋಹಭಾವದಿಂದ ತಾನೇ ಕೈಗೊಳ್ಳುವ ದುಡಿಮೆ. ಅದಕ್ಕೆ ಯಾರ ಆಜ್ಞೆಯೂ ಬೇಕಿಲ್ಲ. ಆದಕಾರಣ ಉದ್ಯೋಗವಿಲ್ಲದವನು ಕಾಯಕವಿಲ್ಲದವನೆಂದು ತಿಳಿಯುವುದು ದೊಡ್ಡ ತಪ್ಪು. ಉದ್ಯೋಗವು ತಡವಾಗಿ ಬರಬಹುದು, ಕಾಯಕವು ತಡವಾಗಬೇಕಿಲ್ಲ. ಈ ಪಾಠದ ಸಾರವೆಲ್ಲವೂ ಈ ಒಂದು ಮಾತಿನಲ್ಲಿದೆ.

ಉದ್ಯೋಗವನ್ನು ಶರಣರು ಹೀನವೆಂದು ಎಣಿಸಿದರೆಂದೂ ತಿಳಿಯಬಾರದು. ಸ್ವತಃ ಬಸವಣ್ಣನವರು ಮಂಗಳವಾಡದಲ್ಲಿ ಬಿಜ್ಜಳನ ಭಂಡಾರದ ಕರಣಿಕರಾಗಿ ಸೇರಿ, ಲೆಕ್ಕದ ಬರವಣಿಗೆಯಿಂದ ಮೇಲೇರಿ ಭಂಡಾರಿಗಳಾದುದನ್ನು ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಸಂಬಳದ ಕೆಲಸವೂ ಕಾಯಕವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಆದರೆ ಬಸವಣ್ಣನವರ ಹಿರಿಮೆ ಆ ಪದವಿಯಿಂದ ಬಂದುದಲ್ಲ. ಅವರು ಕುಳಿತ ಕಾರಣದಿಂದ ಆ ಪದವಿಗೆ ಹಿರಿಮೆ ಬಂದಿತು.

ಇಲ್ಲಿ ಎರಡು ಬಗೆಯ ತಾಯ್ತಂದೆಗಳು ಎರಡು ಬಗೆಯಾಗಿ ಎಡವುತ್ತಾರೆ. ಮೊದಲನೆಯವರು ಸರಕಾರಿ ನೌಕರಿಯೊಂದೇ ಕೆಲಸ, ಮಿಕ್ಕುದೆಲ್ಲ ಅಲೆದಾಟವೆಂದು ತಿಳಿದವರು. ಅವರ ಮಗ ಅಂಗಡಿಯ ಲೆಕ್ಕ ಬರೆದರೂ, ಓಣಿಯ ಮಕ್ಕಳಿಗೆ ಪಾಠ ಹೇಳಿದರೂ, ‘ಸುಮ್ಮನೆ ಮನೆಯಲ್ಲಿದ್ದಾನೆ’ ಎಂದೇ ನೆಂಟರಿಗೆ ಹೇಳುತ್ತಾರೆ. ಎರಡನೆಯವರು ಕಾಯಕತತ್ತ್ವವನ್ನೇ ಚಾವಟಿಯಾಗಿ ಬಳಸುವವರು. ‘ಶರಣರು ಕಟ್ಟಿಗೆ ಹೊತ್ತರು, ಹಗ್ಗ ಹೊಸೆದರು, ನಿನಗೇನು ಧಾಡಿ? ಯಾವುದಾದರೂ ಕೆಲಸಕ್ಕೆ ಹೋಗು’ ಎಂದು ಗದರಿಸುವರು. ಮಾತು ಶರಣರದೇ ಆದರೂ ಭಾವ ಶರಣರದಲ್ಲ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಮೋಳಿಗೆಯ ಮಾರಯ್ಯನಾಗಿ ಕಟ್ಟಿಗೆ ಮಾರಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಆ ಕಟ್ಟಿಗೆಯ ಹೊರೆಯನ್ನು ಅವನ ತಲೆಯ ಮೇಲೆ ಬೇರೆ ಯಾರೂ ಹೊರಿಸಲಿಲ್ಲ. ಅವನೇ ಮೆಚ್ಚಿ ಹೊತ್ತನು. ಅವನ ಮಡದಿ ಮಹಾದೇವಿಯು ಅವನನ್ನು ಹಳಿಯದೆ ಜೊತೆಗೆ ನಿಂತಳು. ಮೆಚ್ಚಿ ಹೊತ್ತುದು ಕಾಯಕ. ನಿಂದೆಗೆ ಅಂಜಿ ಹೊತ್ತುದು ಬಿಟ್ಟಿ. ಈ ಅಂತರವನ್ನು ಹೆತ್ತವರು ಮರೆಯಬಾರದು.

ಅರಿವು: ಕಾಲಸ್ಥಿತಿಯನ್ನು ತಿಳಿಯುವುದು

ಮಗುವಿಗೆ ಬುದ್ಧಿ ಹೇಳುವ ಮುನ್ನ ಹೆತ್ತವರು ತಾವೇ ಕೆಲವು ಸಂಗತಿಗಳನ್ನು ಅರಿಯಬೇಕು. ‘ನಮ್ಮ ಕಾಲದಲ್ಲಿ’ ಎಂದು ಆರಂಭವಾಗುವ ಮಾತುಗಳಲ್ಲಿ ಬಹುಪಾಲು ಈ ಕಾಲಕ್ಕೆ ಹೊಂದುವುದಿಲ್ಲ.

ಈ ಸೀಮೆಯ ದುಡಿಮೆಯ ಇತಿಹಾಸವನ್ನೇ ನೋಡಿರಿ. ೧೯೪೫ರಲ್ಲಿ ತುಂಗಭದ್ರಾ ಆಣೆಕಟ್ಟಿನ ಕೆಲಸ ಮೊದಲಾಗಿ ೧೯೫೩ರಲ್ಲಿ ಅದು ಪೂರ್ಣವಾಯಿತು. ಕಾಲುವೆಯ ನೀರಿನಿಂದ ಹೊಲಗಳು ಹಸುರಾದವು. ಬಳ್ಳಾರಿಯಲ್ಲಿ ೧೯೧೬ರಲ್ಲಿ ಸ್ಥಾಪಿತವಾದ ವೀರಶೈವ ವಿದ್ಯಾವರ್ಧಕ ಸಂಘವು ಮುಂದೆ ಹೊಸಪೇಟೆಯಲ್ಲಿಯೂ ಕಾಲೇಜನ್ನು ನಡೆಸಿ ರೈತಮಕ್ಕಳಿಗೆ ಪದವಿಯನ್ನು ಹತ್ತಿರಕ್ಕೆ ತಂದಿತು. ಪದವೀಧರರು ವಿರಳರಾಗಿದ್ದ ಆ ದಿನಗಳಲ್ಲಿ ಪದವಿಯು ಕೆಲಸದ ಬಾಗಿಲನ್ನು ತಾನಾಗಿಯೇ ತೆರೆಯುತ್ತಿದ್ದಿತು. ಈಗ ಪದವಿ ಮನೆಮನೆಗೆ ಬಂದಿದೆ. ಇದು ನಮ್ಮ ಹಿರಿಯರ ತಪಸ್ಸಿನ ಫಲ. ಆದರೆ ಬಾಗಿಲ ಮುಂದೆ ನಿಂತವರ ಸಾಲು ಆ ಮಟ್ಟಿಗೆ ಉದ್ದವಾಗಿದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಕೂಡಿ ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೨೦೨೨ರಲ್ಲಿ ನಮ್ಮ ದೇಶದ ಯುವಜನರ ಪೈಕಿ ಓದುಬರಹ ಬಾರದವರಲ್ಲಿ ನಿರುದ್ಯೋಗಿಗಳ ಪ್ರಮಾಣ ಶೇಕಡಾ ೩.೪ ಇದ್ದರೆ, ಪದವೀಧರರಲ್ಲಿ ಅದು ಶೇಕಡಾ ೨೯.೧ ಇದ್ದಿತು. ಅಂದರೆ ಸುಮಾರು ಒಂಬತ್ತು ಪಟ್ಟು. ಓದಿದ ಮಗ ಮನೆಯಲ್ಲಿರುವುದು ಒಂದು ಮನೆಯ ದುರ್ದೈವವಲ್ಲ, ಒಬ್ಬ ಹುಡುಗನ ಅಯೋಗ್ಯತೆಯೂ ಅಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಸಂಡೂರಿನ ಗುಡ್ಡಗಳು ಕಲಿಸಿದ ಪಾಠ ಇನ್ನೂ ಕಠಿಣವಾದುದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ, ಓದಬೇಕಾದ ವಯಸ್ಸಿನ ಎಷ್ಟೋ ತರುಣರು ಗಣಿಯ ಕಡೆಗೆ, ಸಾಲದ ಲಾರಿಯ ಕಡೆಗೆ ಓಡಿದರು. ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಕ್ರಮವನ್ನು ಕಂಡು ಕೊಟ್ಟ ಆ ಆಜ್ಞೆ ನ್ಯಾಯವಾದುದೇ. ಆದರೂ ಅಕ್ರಮದಲ್ಲಿ ಪಾಲಿಲ್ಲದ ಚಾಲಕನ, ಕೂಲಿಕಾರನ, ಗುಮಾಸ್ತನ ಮನೆಯ ಒಲೆಯೂ ಆಗ ತಣ್ಣಗಾಯಿತು. ಒಳ್ಳೆಯ ಸಂಬಳದ ಕೆಲಸವೂ ಒಂದೇ ದಿನದಲ್ಲಿ ಹೋಗಬಹುದೆಂಬುದನ್ನು ಈ ಸೀಮೆಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಹೀಗಿರುವಲ್ಲಿ ಸಂಬಳವನ್ನೇ ಮನುಷ್ಯನ ಬೆಲೆಯೆಂದು ಮಕ್ಕಳ ಮುಂದೆ ಆಡುವುದು ಎಷ್ಟರಮಟ್ಟಿಗೆ ಸರಿ?

ಪರೀಕ್ಷೆಗಳ ವಿಷಯವೂ ಹೀಗೆಯೇ. ೨೦೨೧ರ ಅಕ್ಟೋಬರಿನಲ್ಲಿ ೫೪೫ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ೨೦೨೨ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದುದು ೨೦೨೪ರ ಜನವರಿಯಲ್ಲಿ. ೨೦೨೪ರ ಆಗಸ್ಟ್ ೨೭ರಂದು ನಡೆದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಭಾಷಾಂತರ ದೋಷಗಳಿದ್ದ ಕಾರಣ ಅದೇ ವರ್ಷದ ಡಿಸೆಂಬರ್ ೨೯ರಂದು ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಪ್ರಾಮಾಣಿಕವಾಗಿ ಓದಿ ಬರೆದ ಹುಡುಗನು ಇಂತಹ ವಿಳಂಬಗಳಿಗೆ ಹೊಣೆಯಲ್ಲ. ಆದರೆ ಕಳೆದ ವರ್ಷಗಳು ಅವನ ವಯಸ್ಸಿನಲ್ಲಿಯೇ ಸೇರುತ್ತವೆ. ಆ ನೋವನ್ನು ಮನೆಯವರು ಬಲ್ಲರೆಂದು ತಿಳಿದರೆ ಅವನಿಗೆ ಅರ್ಧ ಭಾರ ಇಳಿದಂತಾಗುವುದು.

ಅರಿವಿನಲ್ಲಿ ಸೇರಬೇಕಾದ ಇನ್ನೆರಡು ಉಪಯುಕ್ತ ಸಂಗತಿಗಳಿವೆ. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧ ಜೆ ವಿಧಿಯ ಸೌಲಭ್ಯವು ಬಳ್ಳಾರಿ ಜಿಲ್ಲೆಗೂ, ೨೦೨೧ರಲ್ಲಿ ಅದರಿಂದ ಬೇರೆಯಾದ ವಿಜಯನಗರ ಜಿಲ್ಲೆಗೂ ಇದೆ. ಈ ಭಾಗದ ಸ್ಥಳೀಯ ವೃಂದದ ಸರಕಾರಿ ಹುದ್ದೆಗಳಲ್ಲಿ ‘ಎ’ ಗುಂಪಿನ ಕಿರಿಯ ಶ್ರೇಣಿಯಲ್ಲಿಯೂ ‘ಬಿ’ ಗುಂಪಿನಲ್ಲಿಯೂ ಶೇಕಡಾ ೭೫, ‘ಸಿ’ ಗುಂಪಿನಲ್ಲಿ ೮೦, ‘ಡಿ’ ಗುಂಪಿನಲ್ಲಿ ೮೫ರಷ್ಟು ಸ್ಥಳೀಯರಿಗೆ ಮೀಸಲು. ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರು ಕೊಡುವ ಅರ್ಹತಾಪತ್ರ ಬೇಕು. ಎರಡನೆಯದು ೨೦೨೪ರ ಜನವರಿಯಲ್ಲಿ ರಾಜ್ಯ ಸರಕಾರವು ಆರಂಭಿಸಿದ ಯುವನಿಧಿ. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ದೊರೆಯದ ಪದವೀಧರನಿಗೆ ತಿಂಗಳಿಗೆ ೩೦೦೦ ರೂಪಾಯಿ, ಡಿಪ್ಲೊಮಾ ಪಡೆದವನಿಗೆ ೧೫೦೦ ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಕೊಡುವ ಯೋಜನೆಯಿದು. ಇದನ್ನು ಭಿಕ್ಷೆಯೆಂದು ನಾಚಬೇಕಿಲ್ಲ. ಅರ್ಜಿಯ ಶುಲ್ಕ, ಪ್ರಯಾಣದ ಖರ್ಚುಗಳಿಗೆ ಮಗನು ಪ್ರತಿಸಲವೂ ತಂದೆಯ ಮುಂದೆ ಕೈಚಾಚುವ ಸಂಕೋಚವು ಇದರಿಂದ ತಪ್ಪುವುದು. ಇಂತಹ ದಾಖಲೆಗಳಿಗಾಗಿ ಕಚೇರಿಗೆ ಜೊತೆಯಾಗಿ ಹೋಗಿ ಬರುವ ತಂದೆಯು ನೂರು ಉಪದೇಶಗಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡಿದಂತಾಗುವುದು.

ಆಚಾರ: ಮನೆಯ ನಡೆವಳಿಕೆ

ಅರಿತುದು ನಡೆಯಲ್ಲಿ ಬಾರದಿದ್ದರೆ ಅರಿವು ವ್ಯರ್ಥ. ಆತಂಕಗೊಂಡ ಮಗುವಿರುವ ಮನೆಯ ಆಚಾರ ಹೇಗಿರಬೇಕು?

ನಮ್ಮ ಆಣೆಕಟ್ಟಿನಲ್ಲಿಯೇ ಇತ್ತೀಚೆಗೆ ನಡೆದ ಒಂದು ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ಭೋರ್ಗರೆಯುವ ನೀರಿಗೆ ಎದುರಾಗಿ ಒಮ್ಮೆಲೇ ಹೊಸ ಬಾಗಿಲನ್ನು ನಿಲ್ಲಿಸಲು ಯಾರೂ ಹೋಗಲಿಲ್ಲ. ಮೊದಲು ಉಳಿದ ಬಾಗಿಲುಗಳನ್ನು ತೆರೆದು ಒತ್ತಡವನ್ನು ತಗ್ಗಿಸಿದರು. ಆಮೇಲೆ ಉಕ್ಕಿನ ಅಡ್ಡಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಕಳವಳದ ಪ್ರವಾಹಕ್ಕೂ ಇದೇ ಕ್ರಮ. ಮೊದಲು ಒತ್ತಡ ಇಳಿಯಬೇಕು. ಆಮೇಲೆ ಒಂದೊಂದೇ ಹಲಗೆ ಇಳಿಯಬೇಕು. ‘ಈ ವರ್ಷ ನೌಕರಿ ಹಿಡಿಯಲೇಬೇಕು’ ಎಂಬುದು ಒಮ್ಮೆಲೇ ಬಾಗಿಲು ನಿಲ್ಲಿಸುವ ಮಾತು. ‘ಇವತ್ತು ಒಂದು ಅರ್ಜಿ ಬರೆದು ಮುಗಿಸಪ್ಪ, ನಾನೂ ಪಕ್ಕದಲ್ಲಿ ಕೂಡುತ್ತೇನೆ’ ಎಂಬುದು ಒಂದು ಹಲಗೆಯನ್ನು ಇಳಿಸುವ ಮಾತು.

ಒತ್ತಡವನ್ನು ತಗ್ಗಿಸುವುದರಲ್ಲಿ ಮೊದಲನೆಯ ಕೆಲಸ ಹೋಲಿಕೆಯನ್ನು ಬಿಡುವುದು. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರೂ ಬಲ್ಲುದೇ. ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಹೆಚ್ಚಿನದು ನಮಗೆ ಬೇಡವೆಂದು ಅವಳು ಅದನ್ನು ಹಿಂದಕ್ಕೆ ಕಳುಹಿಸಿದಳು. ನಾವು ಈ ಕಥೆಯನ್ನು ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು, ‘ನಿನ್ನ ಜೊತೆ ಓದಿದವನು ಬೆಂಗಳೂರಿನಲ್ಲಿ ಎಷ್ಟು ತೆಗೆದುಕೊಳ್ಳುತ್ತಾನೆ ಗೊತ್ತೆ?’ ಎಂದು ಮಗನನ್ನು ಕೇಳುತ್ತೇವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರುವ ಮಗನಿಗೆ ‘ಇಷ್ಟೇನಾ?’ ಎನ್ನುತ್ತೇವೆ. ಲಕ್ಕಮ್ಮನು ಹೆಚ್ಚಾದುದನ್ನು ಹಿಂತಿರುಗಿಸಿದಳು. ನಾವು ದೊರೆತುದನ್ನೂ ಹೀನೈಸುತ್ತೇವೆ. ಮನೆಯ ನಿಜವಾದ ಅಗತ್ಯವೆಷ್ಟು, ನೆಂಟರ ಮುಂದೆ ಮೆರೆಯುವ ಆಸೆಯೆಷ್ಟು ಎಂಬುದನ್ನು ಹೆತ್ತವರು ಒಂದು ಸಂಜೆ ತಾವಿಬ್ಬರೇ ಕುಳಿತು ಬೇರ್ಪಡಿಸಿಕೊಳ್ಳಲಿ.

ಎರಡನೆಯದು ಸತ್ಯವನ್ನು ಹೇಳುವುದು. ಸಾಲವಿದ್ದರೆ ಇದೆಯೆಂದೂ, ಎಷ್ಟಿದೆಯೆಂದೂ, ಎಷ್ಟು ಕಾಲ ತಡೆದುಕೊಳ್ಳಬಲ್ಲೆವೆಂದೂ ಬೆಳೆದ ಮಗನಿಗೆ ನೇರವಾಗಿ ಹೇಳಬೇಕು. ಮುಚ್ಚಿಟ್ಟು ಮುಖ ಸಿಂಡರಿಸಿಕೊಂಡಿದ್ದರೆ ಅವನು ಇರುವುದಕ್ಕಿಂತ ಹತ್ತುಪಟ್ಟು ದೊಡ್ಡ ಸಾಲವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾನೆ. ಸ್ಪರ್ಧಾಪರೀಕ್ಷೆಗೆ ಕುಳಿತುಕೊಳ್ಳುವುದಾದರೆ ಎಷ್ಟು ವರ್ಷವೆಂಬುದನ್ನು ಇಬ್ಬರೂ ಒಪ್ಪಿ ಮೊದಲೇ ಗೊತ್ತುಮಾಡಿಕೊಳ್ಳಲಿ. ಆ ಅವಧಿ ಮುಗಿದ ಮೇಲೆ ಹಿಡಿಯುವ ಎರಡನೆಯ ಹಾದಿಯನ್ನೂ ಆಗಲೇ ನಿಶ್ಚಯಿಸಲಿ. ಹೀಗೆ ಒಪ್ಪಿದ ಮೇಲೆ ಆ ಅವಧಿಯೊಳಗೆ ಪ್ರತಿದಿನ ಕೇಳುವುದನ್ನು ಬಿಡಬೇಕು. ಬಿತ್ತಿದ ಬೀಜವನ್ನು ದಿನದಿನವೂ ಅಗೆದು ನೋಡಿದರೆ ಬೆಳೆ ಬರುವುದೆ?

ಮೂರನೆಯದು ನಿತ್ಯಕಾಯಕ. ಕೆಲಸವಿಲ್ಲದ ದಿನ ಉದ್ದವಾದುದು. ಉದ್ದವಾದ ದಿನದಲ್ಲಿ ಚಿಂತೆಗೆ ಎಡೆ ಹೆಚ್ಚು. ಆದುದರಿಂದ ಓದಿನ ವೇಳೆಯನ್ನು ಬಿಟ್ಟು, ದಿನಕ್ಕೆ ಒಂದೆರಡು ಗಂಟೆ ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಕಾಯಕವಿರಲಿ. ಅದು ಹೊಲದ ಲೆಕ್ಕವಾಗಲಿ, ಅಂಗಡಿಯ ಖಾತೆಯಾಗಲಿ, ಮಠದ ದಾಸೋಹದ ಸೇವೆಯಾಗಲಿ, ಓಣಿಯ ಹುಡುಗರಿಗೆ ಗಣಿತದ ಪಾಠವಾಗಲಿ, ಹಂಪೆಯನ್ನು ನೋಡಬಂದವರಿಗೆ ಸರಿಯಾದ ಇತಿಹಾಸವನ್ನು ಹೇಳುವುದಾಗಲಿ. ಯಾವುದೆಂಬುದನ್ನು ಮಗುವೇ ಆರಿಸಿಕೊಳ್ಳಬೇಕು. ಇದಕ್ಕೆ ಮಿತಿಯೂ ಇರಬೇಕು. ‘ಹೇಗೂ ಮನೆಯಲ್ಲಿದ್ದಾನೆ’ ಎಂದು ಊರಿನ ಕೆಲಸವೆಲ್ಲ ಅವನ ತಲೆಗೆ ಕಟ್ಟುವುದು, ಮಗಳೆಂಬ ಕಾರಣಕ್ಕೆ ಅಡುಗೆಮನೆಯ ಭಾರವನ್ನೆಲ್ಲ ಅವಳಿಗೇ ಬಿಡುವುದು ಕಾಯಕವಲ್ಲ, ಶೋಷಣೆ. ಕಾಯಕಕ್ಕಾಗಿ ಕೈಚಾಚುವ ಹೆಣ್ಣುಮಗಳಿಗೂ ಗಂಡುಮಗನಿಗೂ ಶರಣಧರ್ಮದಲ್ಲಿ ಭೇದವಿಲ್ಲ. ಮಗಳ ಓದಿಗೂ ಅರ್ಜಿಗೂ ಮಗನಿಗೆ ಕೊಟ್ಟಷ್ಟೇ ಕಾಲಾವಕಾಶ ಕೊಡತಕ್ಕದ್ದು.

ನಾಲ್ಕನೆಯದು, ಅಡ್ಡದಾರಿಯನ್ನು ಹಿಡಿಯದಿರುವುದು. ಇಷ್ಟು ಹಣ ಕೊಟ್ಟರೆ ಕೆಲಸ ಕೊಡಿಸುವೆನೆಂದು ಬರುವವರು ಎಲ್ಲ ಊರುಗಳಲ್ಲಿಯೂ ಉಂಟು. ಕಳವಳಗೊಂಡ ತಂದೆಯೇ ಅವರ ಬೇಟೆ. ಹಣ ಹೋಗುವುದು ಒಂದು ನಷ್ಟ. ಅಕ್ರಮ ಬಯಲಾದರೆ ಮಗನ ಮೇಲೆ ಬೀಳುವ ಮೊಕದ್ದಮೆ ಎರಡನೆಯ ನಷ್ಟ. ಇವೆರಡಕ್ಕಿಂತ ದೊಡ್ಡದಾದ ಮೂರನೆಯ ನಷ್ಟವೊಂದಿದೆ. ‘ನಿನ್ನ ಸ್ವಂತ ಯೋಗ್ಯತೆಯ ಮೇಲೆ ನನಗೆ ನಂಬಿಕೆಯಿಲ್ಲ’ ಎಂದು ತಂದೆಯು ಮಗನಿಗೆ ಬಾಯಿಬಿಡದೆ ಹೇಳಿದಂತಾಗುತ್ತದೆ. ಸತ್ಯಶುದ್ಧವಲ್ಲದ ದಾರಿಯಿಂದ ಬಂದ ಕೆಲಸವು ಎಷ್ಟು ದೊಡ್ಡದಾದರೂ ಕಾಯಕವಾಗಲಾರದು.

ಅನುಭವ: ಕೂಡಿ ಆಡುವ ಮಾತು

ಶರಣರು ಕಲ್ಯಾಣದಲ್ಲಿ ಅನುಭವಮಂಟಪವನ್ನು ಕಟ್ಟಿದರು. ಆ ಗೋಷ್ಠಿಯ ವಚನಗಳನ್ನು ಮುಂದೆ ೧೫ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಆಳ್ವಿಕೆಯಲ್ಲಿ, ಇದೇ ವಿಜಯನಗರದ ನೆಲದಲ್ಲಿ ವಿರಕ್ತರೂ ಕವಿಗಳೂ ಅರಸಿ ಸಂಗ್ರಹಿಸಿ ಕಾಪಾಡಿದರು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ಚಾಮರಸ ಮೊದಲಾದವರ ಹೆಸರುಗಳು ಈ ಸೀಮೆಗೆ ಪವಿತ್ರವಾದುವು. ಮುಂದೆ ಶೂನ್ಯಸಂಪಾದನೆಯಲ್ಲಿ ಆ ಗೋಷ್ಠಿಯ ಚಿತ್ರ ನಮಗೆ ದೊರೆಯಿತು. ಅಲ್ಲಿ ಅಲ್ಲಮಪ್ರಭುಗಳು ಕಿರಿಯವಳಾದ ಮಹಾದೇವಿಯನ್ನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಆದರೆ ಪ್ರತಿಯೊಂದು ಪ್ರಶ್ನೆಯ ಮುಂದೆ ಉತ್ತರಕ್ಕೆ ಎಡೆಯಿದೆ. ಉತ್ತರವನ್ನು ಕೇಳುವ ಕಿವಿಯಿದೆ. ಕೊನೆಗೆ ಆ ತರುಣಿಯನ್ನು ಎಲ್ಲ ಶರಣರೂ ‘ಅಕ್ಕ’ ಎಂದು ಕರೆದರು. ನಮ್ಮ ಮನೆಗಳಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಉತ್ತರವನ್ನು ಕೇಳುವ ತಾಳ್ಮೆಗೆ ಬರವಿದೆ. ವಾರಕ್ಕೊಂದು ಸಂಜೆ, ಪೂಜೆಯ ನಂತರ, ನೌಕರಿಯ ವಿಷಯವನ್ನು ಮಾತನಾಡಲೆಂದೇ ಗೊತ್ತುಮಾಡಿಕೊಂಡು, ಉಳಿದ ದಿನಗಳಲ್ಲಿ ಊಟದ ಎಲೆಯ ಮುಂದೆ ಆ ಮಾತನ್ನು ತಾರದಿರುವುದು ಒಳ್ಳೆಯ ನಿಯಮ. ಆ ಸಂಜೆ ಮೊದಲು ಮಗು ಮಾತನಾಡಲಿ, ಹಿರಿಯರು ಕೊನೆಗೆ ಮಾತನಾಡಲಿ.

ಹಂಪೆಯ ಇನ್ನೊಂದು ಐತಿಹ್ಯವು ಹಿರಿಯರಿಗೆ ಎಚ್ಚರಿಕೆಯಾಗಿದೆ. ಪಂಪಾಕ್ಷೇತ್ರದ ಹರಿಹರನಿಗೆ ರಾಘವಾಂಕನು ಸೋದರಳಿಯನೂ ಶಿಷ್ಯನೂ ಆಗಿದ್ದನು. ಅವನು ಹರಿಶ್ಚಂದ್ರನ ಕಥೆಯನ್ನು ಕಾವ್ಯಮಾಡಿ ತಂದಾಗ, ಶಿವಶರಣರನ್ನು ಬಿಟ್ಟು ಅರಸನನ್ನು ಹೊಗಳಿದನೆಂದು ಹರಿಹರನು ಕೋಪಗೊಂಡು ಹಾವುಗೆಯಿಂದ ಹೊಡೆದನೆಂದೂ ಶಿಷ್ಯನ ಹಲ್ಲುಗಳು ಉದುರಿದುವೆಂದೂ, ಮುಂದೆ ಅವನು ಶರಣರ ಕಾವ್ಯಗಳನ್ನು ಬರೆಯಲು ಅವು ಮತ್ತೆ ಬಂದುವೆಂದೂ ಹೇಳುವರು. ಆ ಐತಿಹ್ಯದ ಉದ್ದೇಶ ಶಿವಭಕ್ತಿಯ ನಿಷ್ಠೆಯನ್ನು ಎತ್ತಿತೋರುವುದು. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. ಅಂದು ಹೊಡೆತ ತಿಂದ ಹರಿಶ್ಚಂದ್ರಕಾವ್ಯವೇ ಇಂದು ಕನ್ನಡದ ಶ್ರೇಷ್ಠ ಕಾವ್ಯಗಳಲ್ಲಿ ಒಂದೆಂದು ಮಾನ್ಯವಾಗಿದೆ. ಹರಿಹರನಂತಹ ಮಹಾನುಭಾವನ ಕೋಪವೇ ಒಂದು ಕೃತಿಯ ಬೆಲೆಯನ್ನು ಕೊನೆಯದಾಗಿ ನಿರ್ಣಯಿಸಲಾರದೆ ಹೋದರೆ, ನಮ್ಮ ನಿಮ್ಮ ಕೋಪದ ಮಾತೇನು? ಮಗಳು ಆರಿಸಿಕೊಂಡ ಹೊಸ ಬಗೆಯ ಕೆಲಸ ನಮಗೆ ತಿಳಿಯದಿದ್ದರೆ ‘ನನಗೆ ತಿಳಿಸಿ ಹೇಳವ್ವ’ ಎನ್ನುವುದೇ ವಿವೇಕ.

ಮಾತಿನಿಂದ ಮಾತ್ರ ತೀರದ ಕಳವಳವೂ ಉಂಟು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಪ್ರೀತಿಯ ಗೆಳೆಯರನ್ನೂ ದೂರಮಾಡಿದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಂದ ಬಂದರೆ, ಅದನ್ನು ಹಟವೆಂದೋ ಗ್ರಹಚಾರವೆಂದೋ ತಳ್ಳಿಹಾಕಬಾರದು. ಅಂತಹ ಮಾತು ಕೇಳಿದ ದಿನವೇ ಮಗುವನ್ನು ಒಂಟಿಯಾಗಿ ಬಿಡದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಹಾಗೆ ಕೇಳುವುದರಿಂದ ಕೇಡಾಗುವುದಿಲ್ಲ. ಬಳಿಕ ವೈದ್ಯರನ್ನು ಕಾಣಬೇಕು. ಇದರಲ್ಲಿ ನಾಚಿಕೆಗೆ ಕಾರಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ೧೯೯೦ರವರೆಗೆ, ಹೊಸಪೇಟೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿಯೇ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಚಿಕಿತ್ಸೆಯ ತರಬೇತಿ ಕೊಟ್ಟು ಒಂದು ಹೊಸ ಪ್ರಯೋಗವನ್ನು ನಡೆಸಿತು. ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ತಳಹದಿ. ದೇಶಕ್ಕೆ ದಾರಿ ತೋರಿದ ಸೀಮೆಯವರು ತಮ್ಮ ಮಗುವಿಗಾಗಿ ಆ ದಾರಿಯನ್ನು ತುಳಿಯಲು ಹಿಂಜರಿಯುವುದು ಉಚಿತವೆ? ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯ ೧೪೪೧೬ ಎಂಬ ದೂರವಾಣಿಗೆ ಹಗಲಿರುಳೆನ್ನದೆ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು. ಮಗು ಒಪ್ಪದಿದ್ದರೆ ಹೆತ್ತವರೇ ಮೊದಲು ಕರೆಮಾಡಿ ಕೇಳಬಹುದು.

ಒಂದು ಆಕ್ಷೇಪ

‘ಇಷ್ಟೆಲ್ಲ ಮೃದುವಾಗಿ ನಡೆದುಕೊಂಡರೆ ಮಕ್ಕಳು ಮೈಗಳ್ಳರಾಗುವುದಿಲ್ಲವೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಶರಣಮಾರ್ಗದಲ್ಲಿ ಮೃದುತ್ವಕ್ಕೆ ಎಡೆಯಿದೆ, ಆಲಸ್ಯಕ್ಕೆ ಎಡೆಯಿಲ್ಲ. ಮಾತಿನ ಗೋಷ್ಠಿಯಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳೂ ಆ ಲಕ್ಕಮ್ಮನೇ. ಅವಳು ಗಂಡನ ಕಾಯಕವನ್ನು ನೆನಪಿಸಿದಳೇ ಹೊರತು ಗಂಡನನ್ನು ಹಳಿಯಲಿಲ್ಲ. ‘ಹೊತ್ತಾಯಿತು, ಏಳು’ ಎಂಬುದು ಎಚ್ಚರಿಕೆ. ‘ನೀನು ಯಾತಕ್ಕೂ ಬಾರದವನು’ ಎಂಬುದು ಶಾಪ. ಮೊದಲನೆಯದು ಮನುಷ್ಯನನ್ನು ಎಬ್ಬಿಸುತ್ತದೆ, ಎರಡನೆಯದು ಮಲಗಿಸುತ್ತದೆ. ಆತಂಕಗೊಂಡವನು ಮೇಲುನೋಟಕ್ಕೆ ಸೋಮಾರಿಯಂತೆಯೇ ಕಾಣುತ್ತಾನೆ. ಆದರೆ ಸೋಮಾರಿಗೆ ನಿದ್ರೆ ಬರುತ್ತದೆ; ಇವನಿಗೆ ನಿದ್ರೆಯೂ ಇಲ್ಲ. ಈ ಭೇದವನ್ನು ಹೆತ್ತ ಕಣ್ಣು ಗುರುತಿಸದಿದ್ದರೆ ಬೇರೆ ಯಾರು ಗುರುತಿಸಿಯಾರು?

ಮನನ

ಈ ಪಾಠದ ಸಾರವನ್ನು ಹೀಗೆ ನೆನಪಿಟ್ಟುಕೊಳ್ಳಬಹುದು. ಉದ್ಯೋಗವು ಕಾಲಾಧೀನ, ಕಾಯಕವು ಸ್ವಾಧೀನ. ವಿಳಂಬದ ಕಾರಣಗಳನ್ನು ಅರಿತವನು ಮಗುವನ್ನು ದೂರಲಾರನು. ಹೋಲಿಕೆಯನ್ನು ಬಿಡುವುದು, ಹಣದ ನಿಜಸ್ಥಿತಿಯನ್ನು ಹೇಳುವುದು, ಅವಧಿಯನ್ನು ಒಪ್ಪಿಕೊಳ್ಳುವುದು, ನಿತ್ಯಕಾಯಕಕ್ಕೆ ಎಡೆಮಾಡುವುದು, ಅಡ್ಡದಾರಿಯನ್ನು ತ್ಯಜಿಸುವುದು, ಇವು ಮನೆಯ ಆಚಾರ. ಕೇಳುವುದು ಅನುಭವದ ಮೊದಲ ಮೆಟ್ಟಿಲು. ಅಗತ್ಯ ಬಿದ್ದಾಗ ವೈದ್ಯರ ನೆರವನ್ನು ಪಡೆಯುವುದೂ ಆ ಅನುಭವದೊಳಗೇ ಸೇರಿದುದು.

ಮಗನಿಗೆ ಕೆಲಸ ಸಿಕ್ಕಿತೆಂಬ ಸುದ್ದಿ ಮನೆಗೆ ಒಂದು ದಿನ ಬಂದೀತು. ಆ ದಿನ ಸಿಹಿ ಹಂಚಲು ಎಲ್ಲ ತಾಯ್ತಂದೆಗಳೂ ಬಲ್ಲರು. ಅದಕ್ಕೆ ಮುಂಚಿನ ಬರಿಗೈಯ ದಿನಗಳಲ್ಲಿ, ಅವನು ಉಣ್ಣುವ ಅನ್ನವು ಪ್ರಸಾದವಾಗಿಯೇ ಉಳಿಯುವಂತೆ, ಋಣವೆಂದು ಅವನ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದೇ ಹೆತ್ತವರ ದಾಸೋಹ. ಆ ದಾಸೋಹವನ್ನು ನಡೆಸುವ ತಾಳ್ಮೆಯನ್ನು ಶರಣರ ಕರುಣೆಯು ನಮ್ಮೆಲ್ಲರಿಗೂ ಅನುಗ್ರಹಿಸಲಿ.